ಮೇಲಿನ ಮಂಚದವನು

ನಾನು ಎಂತ ಕೆಲಸ ಮಾಡುವುದು ಎಂದು ಯಾರಾದರೂ ಕೇಳಿದರೆ ನನಗಿಂತ ಮೊದಲು ಅಮ್ಮ ಉತ್ತರ ಕೊಡುತ್ತಾಳೆ: "ಅವಳದ್ದು ಜಗಳ ಬಿಡಿಸುವ ಕೆಲಸ, ಕಂಪ್ಯೂಟರಿನಲ್ಲಿ." ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಅದಕ್ಕಿಂತ ಸರಿಯಾಗಿ ಹೇಳಲು ನನಗೂ ಬರುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಒಂದೇ ವಿಷಯದ ಹುಚ್ಚಿರುವವರು ಸೇರಿ ಮಾತಾಡುವ ಫೋರಂಗಳಿರುತ್ತವೆ. ಅವುಗಳ ಯಜಮಾನರಿಗೆ ಒಳಗಿನ ಕೆಲಸ ನೋಡಿಕೊಳ್ಳಲು ಪುರಸೊತ್ತಿರುವುದಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡುವುದು, ಬ್ಯಾಕಪ್ ತೆಗೆದಿಡುವುದು, ಸುಳ್ಳು ಜಾಹೀರಾತು ಹಾಕುವವರನ್ನು ಹೊರಗೆ ಹಾಕುವುದು, ಬೈದಾಡಿಕೊಂಡವರನ್ನು ಸಮಾಧಾನ ಮಾಡುವುದು, ಎಲ್ಲ ನನಗೆ ಒಪ್ಪಿಸುತ್ತಾರೆ. ಮಣಿಪಾಲದ ಒಂದು ಕಂಪೆನಿಯಲ್ಲಿ ಕೆಲವು ವರ್ಷ ಇದೇ ನಮೂನೆಯ ಕೆಲಸದಲ್ಲಿದ್ದೆ. ಅದು ಮುಚ್ಚಿದ ಮೇಲೆ ಉಡುಪಿಯ ಕುಂಜಿಬೆಟ್ಟಿನ ನಮ್ಮ ಬಾಡಿಗೆ ಮನೆಯ ಊಟದ ಮೇಜಿನಲ್ಲೇ ಸ್ವಂತ ಶುರು ಮಾಡಿದೆ. ಅಕ್ವೇರಿಯಂ ಮೀನು ಸಾಕುವವರದ್ದು ಒಂದು ಫೋರಂ, ಹಳೆ ಸ್ಕೂಟರ್ ರಿಪೇರಿ ಮಾಡಿಕೊಳ್ಳುವವರದ್ದು ಒಂದು, ನಾನು ಜನ್ಮದಲ್ಲಿ ಕಾಣದ ಯಾವುದೋ ಚಳಿಯ ದೇಶದಲ್ಲಿ ತರಕಾರಿ ಬೆಳೆಸುವವರದ್ದು ಇನ್ನೊಂದು. ಅಮ್ಮ ಒಳಗೆ ಬಂಗುಡೆ ಹುರಿಯುತ್ತಿರುವಾಗ ನಾನು ಹೊರಗೆ ಕೂತು ಅವರ ಟೊಮೆಟೊ ಗಿಡದ ಜಗಳ ಬಿಡಿಸುತ್ತೇನೆ.

ಈ ಕೆಲಸದಲ್ಲಿ ಒಂದು ವಿಷಯ ಮಾತ್ರ ನನಗೆ ಯಾವತ್ತೂ ಅಭ್ಯಾಸ ಆಗಲಿಲ್ಲ. ಎಲ್ಲ ಫೋರಂಗಳಲ್ಲೂ ಇದ್ದಕ್ಕಿದ್ದ ಹಾಗೆ ಬರುವುದು ನಿಲ್ಲಿಸಿದ ಸದಸ್ಯರಿರುತ್ತಾರೆ. ಬಹಳ ಕಾಲ ಬಾರದವರ ಖಾತೆಗಳನ್ನು ತೆಗೆದುಹಾಕಬೇಕು, ಇಲ್ಲದಿದ್ದರೆ ಕಳ್ಳರು ಅದರೊಳಗೆ ನುಗ್ಗುತ್ತಾರೆ. ತೆಗೆಯುವ ಮುಂಚೆ ಅವರ ಕೊನೆಯ ಮಾತನ್ನು ಒಮ್ಮೆ ಓದುತ್ತೇನೆ. "ನಾಳೆ ಫೋಟೋ ಹಾಕುತ್ತೇನೆ." "ಊಟ ಮಾಡಿ ಬಂದು ಹೇಳುತ್ತೇನೆ." "ಕಾರ್ಬೊರೇಟರ್ ತೆಗೆದಿಟ್ಟಿದ್ದೇನೆ, ಮುಂದೆ ಎಂತ ಮಾಡುವುದು?" ಇಂಥ ಮಾತೇ ಹೆಚ್ಚು. ಕೊನೆಯದು ಎಂದು ಗೊತ್ತಿದ್ದು ಬರೆದದ್ದು ನಾನು ನೋಡಿಲ್ಲ. ಹಾಗೆ ಓದಿದ ದಿನ ಮನೆಯೊಳಗೆ ಯಾರೋ ಬಂದು ಕೂತ ಹಾಗೆ ಆಗುತ್ತದೆ. ಎದ್ದು ಬಾಗಿಲು ತೆರೆದಿಡುತ್ತೇನೆ.

ಕೆಲವು ವರ್ಷದ ಹಿಂದೆ ಕಟಪಾಡಿಯಿಂದ ಒಬ್ಬರು ಫೋನ್ ಮಾಡಿದರು. ಅವರದ್ದು ಅಲ್ಲಿ ಟೈಲ್ಸ್ ಮತ್ತು ಬಾತ್‌ರೂಮ್ ಸಾಮಾನಿನ ಅಂಗಡಿ. ಪ್ರಾಯದಲ್ಲಿ ಗಲ್ಫಿನ ಒಂದು ಕೇಟರಿಂಗ್ ಕಂಪೆನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಮರಳುಗಾಡಿನ ನಡುವೆ ಆ ಕಂಪೆನಿಯದ್ದು ದೊಡ್ಡ ಕ್ಯಾಂಪ್, ರೂಮುಗಳಲ್ಲಿ ಒಂದರ ಮೇಲೊಂದು ಕಬ್ಬಿಣದ ಮಂಚ. ನಮ್ಮ ಕರಾವಳಿಯ ಎಷ್ಟೋ ಜನ ಅಲ್ಲಿ ಅಡುಗೆಗೆ, ತೊಳೆಯುವುದಕ್ಕೆ, ಬಡಿಸುವುದಕ್ಕೆ ಇದ್ದರು. ಈಗ ಆ ಕಂಪೆನಿಯೂ ಇಲ್ಲ, ಕ್ಯಾಂಪೂ ಇಲ್ಲ.

"ವಾಟ್ಸಾಪ್ ಗ್ರೂಪ್ ಮಾಡಿದ್ದೆವು ಮೇಡಂ," ಎಂದರು. "ಗುಡ್ ಮಾರ್ನಿಂಗ್ ಹೂವಿನ ಅಡಿಯಲ್ಲಿ ಎಲ್ಲ ಮುಳುಗಿ ಹೋಗುತ್ತದೆ. ಹಳೆ ಫೋಟೋ ಹಾಕಿದರೆ ಮರುದಿನ ಹುಡುಕಿದರೆ ಸಿಗುವುದಿಲ್ಲ. ನನ್ನ ಮಗನ ಸ್ಕೂಟರಿಗೆ ಒಂದು ಫೋರಂ ಉಂಟಂತೆ, ನೀವು ನೋಡಿಕೊಳ್ಳುವುದಂತೆ. ನಮಗೂ ಒಂದು ಅಂಥದ್ದು ಮಾಡಿಕೊಡಿ. ಸತ್ತವರು ಸತ್ತರು, ಇದ್ದವರಾದರೂ ಒಟ್ಟಿಗೆ ಕೂತು ಪಟ್ಟಾಂಗ ಹೊಡೆಯಲಿ."

ಮಾಡಿಕೊಟ್ಟೆ. ಬಹಳ ಚಂದ ನಡೆಯಿತು. ಸಾವಿರ ಜನಕ್ಕೆ ಸಾಂಬಾರು ಮಾಡುವಾಗ ಉಪ್ಪು ಜಾಸ್ತಿಯಾದರೆ ಎಂತ ಮಾಡುತ್ತಿದ್ದರು, ಯಾವ ಡ್ರೈವರ್ ಬಸ್ಸಿನಲ್ಲಿ ತುಳು ಪದ ಹಾಕುತ್ತಿದ್ದ, ಮರಳು ಗಾಳಿ ಬಂದ ದಿನ ಅನ್ನವನ್ನು ಹೇಗೆ ಮುಚ್ಚಿಟ್ಟರು, ಇಂಥದ್ದೆಲ್ಲ. ನನಗೆ ಅಲ್ಲಿ ಜಗಳ ಬಿಡಿಸುವ ಕೆಲಸವೇ ಇರಲಿಲ್ಲ. ಓದಿ ಅಮ್ಮನಿಗೆ ಹೇಳುವುದೇ ಕೆಲಸ.

ಒಂದು ಬೆಳಿಗ್ಗೆ ಕಾರ್ಕಳದ ಸದಸ್ಯರೊಬ್ಬರು ಹೊಸ ಚರ್ಚೆ ಶುರು ಮಾಡಿದರು. ಅವರು ಆ ಕ್ಯಾಂಪಿನಲ್ಲಿ ಅಡುಗೆಯವರಾಗಿದ್ದವರು. ಮೊಬೈಲಿಗೆ ಮಾತಾಡಿ ಟೈಪ್ ಮಾಡಿಸುತ್ತಿದ್ದರು, ಹಾಗಾಗಿ ಅವರು ಬರೆದದ್ದಕ್ಕೆ ಚುಕ್ಕಿ, ಗೆರೆ ಇರುತ್ತಿರಲಿಲ್ಲ. ಚುಕ್ಕಿಗಳನ್ನು ಇಲ್ಲಿ ನಾನೇ ಹಾಕಿದ್ದೇನೆ:

"ಹಿಂದಿನ ಸಾಲಿನ ಕೊನೆಯ ರೂಮಿನಲ್ಲಿ ಎಸಿಯ ಕೆಳಗೆ, ಮೇಲಿನ ಮಂಚದಲ್ಲಿ ಒಬ್ಬ ಮಲಗುತ್ತಿದ್ದ. ನಮ್ಮ ಕಡೆಯವನೇ. ಕಾಪು ಇರಬೇಕು, ಇಲ್ಲ ಪಡುಬಿದ್ರಿ. ಪಾತ್ರೆ ತೊಳೆಯುವಲ್ಲಿ ಕೆಲಸ. ಒಂದು ದಿನ ಡ್ಯೂಟಿಗೆ ಹೋದವನು ರೂಮಿಗೆ ಬರಲಿಲ್ಲ. ಬೇರೆ ಸೈಟಿಗೆ ಹಾಕಿದ್ದಾರೆ ಅಂದುಕೊಂಡೆವು. ಅವನ ಅಂಗಿ ಹಗ್ಗದಲ್ಲಿ ಒಣಗಿಕೊಂಡಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ನೆನಪು ಸರಿ ಉಂಟಾ ಅಂತ ನೋಡಲು ದಿನಾ ಆ ರೂಮಿನ ಮಂಚಗಳನ್ನು ಒಂದೊಂದಾಗಿ ಲೆಕ್ಕ ಹಾಕುತ್ತೇನೆ. ಎಲ್ಲರ ಹೆಸರು ಬರುತ್ತದೆ. ಅವನದ್ದು ಬರುವುದಿಲ್ಲ. ಯಾರಿಗಾದರೂ ಗೊತ್ತುಂಟಾ?"

ಅವರಿಗೆ ಸಣ್ಣ ಪಾರ್ಶ್ವವಾಯು ಆಗಿತ್ತು. ಮಣಿಪಾಲದ ಆಸ್ಪತ್ರೆಯಲ್ಲಿ, ಹಳೆಯ ಸಂಗತಿಗಳನ್ನು ಒಂದು ಕ್ರಮದಲ್ಲಿ ನೆನಪು ಮಾಡಿಕೊಳ್ಳಿ ಎಂದಿದ್ದರಂತೆ.

ಹೆಸರು ಯಾರಿಗೂ ಗೊತ್ತಿರಲಿಲ್ಲ. ಆದರೆ ಉತ್ತರ ಬರತೊಡಗಿತು. ಒಬ್ಬರು ಬರೆದರು, ಅವನು ತಲೆಗೆ ತುಂಬ ಎಣ್ಣೆ ಹಾಕುತ್ತಿದ್ದ. ಇನ್ನೊಬ್ಬರು, ಮಲಗುವ ಮುಂಚೆ ಮಂಚದ ಕಬ್ಬಿಣಕ್ಕೆ ಉಂಗುರದಿಂದ ಎರಡು ಸಲ ತಟ್ಟುತ್ತಿದ್ದ, ಲೈಟ್ ಆರಿಸಿ ಎಂದು ಅರ್ಥ. ಎತ್ತರ ಇದ್ದ, ಕಾಲು ಮಂಚದಿಂದ ಹೊರಗೆ ಬರುತ್ತಿತ್ತು ಎಂದು ಒಬ್ಬರು. ಗಿಡ್ಡ ಇದ್ದ, ಕೆಳಗಿನ ಮಂಚಕ್ಕೆ ಕಾಲು ಕೊಟ್ಟು ಹತ್ತುತ್ತಿದ್ದ ಎಂದು ಮತ್ತೊಬ್ಬರು. ಬಾಯಿ ಬಿಡದವನು ಎಂದು ಒಬ್ಬರು, ಮಾತಾಡಿ ತಲೆ ತಿನ್ನುತ್ತಿದ್ದ ಎಂದು ಇನ್ನೊಬ್ಬರು.

ನನಗೆ ಅದನ್ನು ಓದದೆ ದಿನ ಶುರುವಾಗುತ್ತಿರಲಿಲ್ಲ. ಅಮ್ಮನಿಗೂ ಹಾಗೆ. ಮೀನಿನವಳ ಹತ್ತಿರ ಚರ್ಚೆ ಮುಗಿಸಿ ಒಳಗೆ ಬಂದವಳು ಮೊದಲು ಕೇಳುತ್ತಿದ್ದಳು: "ಸಿಕ್ಕಿದನಾ ನಿನ್ನ ಮೇಲಿನ ಮಂಚದವ?"

"ಇಲ್ಲ."

"ಇಷ್ಟು ಜನ ಸೇರಿ ಅವನನ್ನು ಕರೆಯುವುದು ಒಳ್ಳೆಯದಲ್ಲ ಮಾರಾಯ್ತಿ. ಹೋದವನಾದರೆ ಕೇಳಿಸುತ್ತದೆ."

ನಾನು ಮಾತು ತಿರುಗಿಸಿದೆ. ಆದರೆ ಅವನು ಆಗಲೇ ನನ್ನ ಜತೆ ಓಡಾಡಲು ಶುರುಮಾಡಿದ್ದ. ಮಣಿಪಾಲದ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತವರ ಬೆರಳು ನೋಡುತ್ತಿದ್ದೆ, ಉಂಗುರ ಉಂಟಾ ಎಂದು. ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ತಲೆ ಕಂಡರೆ ಇಳಿಯುವ ತನಕ ಅದನ್ನೇ ನೋಡುತ್ತಿದ್ದೆ. ಬದುಕಿದ್ದರೆ ಅವನಿಗೆ ಈಗ ಐವತ್ತು ದಾಟಿರಬೇಕು. ನನಗೆ ಕಾಣುತ್ತಿದ್ದವನು ಮಾತ್ರ ಇಪ್ಪತ್ತೈದರ ಹುಡುಗ. ಒಂದು ಸಂಜೆ ಪಕ್ಕದ ಮನೆಯವರು ಪಂಪ್ ಆಫ್ ಮಾಡಿದರು, ಗೋಡೆಯ ಪೈಪು ಟಕ್ ಟಕ್ ಎಂದು ಎರಡು ಸಲ ಬಡಿಯಿತು. ಅಮ್ಮ ಅಡುಗೆಮನೆಯಿಂದ ತಮಾಷೆಗೆ, "ಓ, ಬಂದ" ಎಂದಳು. ನಾನು ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಬಂದು ನನ್ನ ಹತ್ತಿರ ಕೂತಳು.

ಇನ್ನೊಂದು ವಿಷಯವೂ ಇತ್ತು. ಫೋರಂನ ಪುಟದ ಅಡಿಯಲ್ಲಿ ಆ ಹೊತ್ತಿಗೆ ಅದನ್ನು ಓದುತ್ತಿರುವವರು ಎಷ್ಟು ಜನ ಎಂದು ತೋರಿಸುತ್ತದೆ. ಸದಸ್ಯರಾದರೆ ಹೆಸರು ಬರುತ್ತದೆ, ಹೊರಗಿನವರಾದರೆ "ಅತಿಥಿ" ಎಂದು ಬರುತ್ತದೆ. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಆ ಚರ್ಚೆಯಲ್ಲಿ ಒಬ್ಬ ಅತಿಥಿ ಇರುತ್ತಿದ್ದ. ಗೂಗಲ್ಲಿನ ಯಂತ್ರಗಳೂ ಹೀಗೆ ಬಂದು ಹೋಗುವುದುಂಟು, ಆದರೆ ಅವು ಎಲ್ಲ ಪುಟಕ್ಕೂ ಬರುತ್ತವೆ. ಈ ಅತಿಥಿ ಇದೊಂದನ್ನೇ ಓದುತ್ತಿದ್ದ. ಹೊಸ ಉತ್ತರ ಏನೂ ಬಾರದ ದಿನವೂ ಓದುತ್ತಿದ್ದ. ತನ್ನ ಬಗ್ಗೆ ಬರೆದದ್ದನ್ನು ತಾನೇ ಬಂದು ಓದುತ್ತಿದ್ದಾನೋ ಎಂದು ಒಮ್ಮೆ ಯೋಚನೆ ಬಂತು. ಹಗಲು ಹೊತ್ತಿನಲ್ಲೇ ಹೆದರಿ, ಎದ್ದು ಬಾಗಿಲು ತೆರೆದಿಟ್ಟೆ.

ಕೊನೆಗೆ ಆ ಫೋರಂನಲ್ಲೂ ಜಗಳ ಬಂತು. ಹೆಜಮಾಡಿಯ ಸದಸ್ಯರೊಬ್ಬರು ಬರೆದರು: "ನೀವೆಲ್ಲ ಕಥೆ ಕಟ್ಟುತ್ತಿದ್ದೀರಿ. ಆ ಮಂಚದಲ್ಲಿ ಮಲಗುತ್ತಿದ್ದದ್ದು ನಾನು. ಅಂಥವನು ಯಾರೂ ಇರಲಿಲ್ಲ." ಅಡುಗೆಯವರು, "ನೀನು ಆಮೇಲೆ ಬಂದದ್ದು" ಎಂದರು. "ನಿಮ್ಮ ತಲೆ ಸರಿ ಇಲ್ಲ, ಆಸ್ಪತ್ರೆಗೆ ಹೋಗಿ ಬಂದವರು ನೀವು" ಎಂದು ಹೆಜಮಾಡಿಯವರು. ಅಲ್ಲಿಂದ ಮುಂದೆ ಬಾಯಿಗೆ ಬಂದದ್ದೆಲ್ಲ ಬಂತು. ಆ ಮಾತುಗಳನ್ನು ನಾನು ತೆಗೆದುಹಾಕಿದೆ. ಮರುದಿನ ಕಟಪಾಡಿಯ ಯಜಮಾನರ ಫೋನ್: "ಮೇಡಂ, ಆ ಚರ್ಚೆ ಮುಚ್ಚಿಬಿಡಿ. ನಾವು ಖುಷಿಗೆ ಮಾಡಿದ್ದು ಇದು."

ಫೋನಿನಲ್ಲಿ ಒಪ್ಪಿಸಲು ಆಗುವುದಿಲ್ಲ ಎಂದು ಕಟಪಾಡಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಸಾಲಾಗಿ ನಿಲ್ಲಿಸಿದ ವಾಷ್ ಬೇಸಿನ್‌ಗಳ ನಡುವೆ ಕುರ್ಚಿ ಹಾಕಿಸಿ, ಸೋಡಾ ಶರಬತ್ತು ತರಿಸಿದರು.

"ಬೈದವರನ್ನು ಬೇಕಾದರೆ ಸ್ವಲ್ಪ ದಿನ ಹೊರಗೆ ಇಡುತ್ತೇನೆ ಸರ್," ಎಂದೆ. "ಕಾರ್ಕಳದವರು ಕೇಳುವುದು ಒಂದು ಹೆಸರು ಮಾತ್ರ. ಅದನ್ನು ಯಾಕೆ ಮುಚ್ಚಬೇಕು?"

ಅವರು ಹೊರಗೆ ಹೈವೇ ಕಡೆ ನೋಡಿಕೊಂಡು ಕೂತರು. ಮಂಗಳೂರಿಗೆ ಹೋಗುವ ಬಸ್ಸೊಂದು ನಿಂತು ಜನ ಹತ್ತಿಸಿಕೊಂಡು ಹೋಯಿತು.

"ನನಗೂ ನೆನಪುಂಟು ಮಾರಾಯ್ರೆ," ಎಂದರು. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವರು. "ಯಾರಾದರೂ ಕ್ಯಾಂಪ್ ಬಿಟ್ಟರೆ ಅವರ ಹಾಸಿಗೆ, ದಿಂಬು, ಕಂಬಳಿ ಸ್ಟೋರಿಗೆ ವಾಪಸು ಬರುತ್ತದೆ. ಅವರೇ ತಂದುಕೊಟ್ಟು ಸಹಿ ಹಾಕುವುದು ಕ್ರಮ. ಒಂದು ಸಲ ಮಾತ್ರ ಯಾರೋ ಒಬ್ಬ ಆಫೀಸಿನವ ತಂದು ಕೌಂಟರಿನ ಮೇಲೆ ಇಟ್ಟು ಹೋದ. ದಿಂಬು ಎಣ್ಣೆ ಎಣ್ಣೆ. ತೊಳೆಯಲು ಹಾಕಿ ಮತ್ತೊಬ್ಬನಿಗೆ ಕೊಟ್ಟೆ. ಇದು ಯಾರದ್ದು ಅಂತ ನಾನು ಕೇಳಲಿಲ್ಲ. ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಈಗ ಆ ಚರ್ಚೆ ಓದಿದರೆ ನನಗೆ ಆ ದಿಂಬಿನ ವಾಸನೆ ಬರುತ್ತದೆ. ಊಟ ಸೇರುವುದಿಲ್ಲ. ಮುಚ್ಚಿಬಿಡಿ."

ಫೋರಂ ಅವರದ್ದು. ನಾನು ವಾದ ಮಾಡಲಿಲ್ಲ. ಮನೆಗೆ ಬಂದು ಚರ್ಚೆಗೆ ಬೀಗ ಹಾಕಿದೆ. ನಮ್ಮ ಕೆಲಸದಲ್ಲಿ ಬೀಗ ಎಂದರೆ ಯಾರೂ ಹೊಸದಾಗಿ ಬರೆಯಲಾಗದು, ಇದ್ದದ್ದನ್ನು ಓದಬಹುದು. ಅಳಿಸಿ ಎಂದು ಅವರು ಹೇಳಿರಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಫೋರಂನ ವಿಳಾಸಕ್ಕೆ ಒಂದು ಇಮೇಲ್ ಬಂತು. ಕನ್ನಡದಲ್ಲಿ, ಮೂರೇ ಸಾಲು. "ನಮಸ್ಕಾರ. ಮೇಲಿನ ಮಂಚದವರ ವಿಷಯ ಯಾಕೆ ನಿಲ್ಲಿಸಿದಿರಿ? ನಾನು ದಿನಾ ಓದುತ್ತಿದ್ದೆ. ಅವರು ನನ್ನ ಅಣ್ಣ ಆಗಿರಬಹುದು." ಕೆಳಗೆ ಫೋನ್ ನಂಬರ್.

ಅತಿಥಿ ಯಾರೆಂದು ಗೊತ್ತಾಯಿತು. ಹೆದರಿಕೆ ಹೋಯಿತು, ಆದರೆ ಅದರ ಜಾಗಕ್ಕೆ ಬಂದದ್ದು ಹೆದರಿಕೆಗಿಂತ ಭಾರವಾಗಿತ್ತು.

ಆ ನಂಬರಿಗೆ ಫೋನ್ ಮಾಡಿದೆ, ಹೆಂಗಸೊಬ್ಬರು ಮಾತಾಡಿದರು. ಅವರದ್ದು ಕಾಪು ಪೇಟೆಯಲ್ಲಿ ಒಂದು ಚಿಕ್ಕ ಟೈಲರಿಂಗ್ ಅಂಗಡಿ. ರವಿಕೆ, ಚೂಡಿದಾರ ಹೊಲಿಯುತ್ತಾರೆ. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ನಾನು ಹೋದಾಗ ಊಟದ ಹೊತ್ತು, ಅರ್ಧ ಶಟರ್ ಎಳೆದಿದ್ದರು. ಬಗ್ಗಿ ಒಳಗೆ ಹೋದೆ. ಮಿಷಿನಿನ ಹತ್ತಿರ ಒಂದು ಫೋಟೋ ತೆಗೆದಿಟ್ಟುಕೊಂಡಿದ್ದರು. ಸ್ಟುಡಿಯೋದಲ್ಲಿ ತೆಗೆಸಿದ ಪಾಸ್‌ಪೋರ್ಟಿನ ಫೋಟೋ, ದೊಡ್ಡದು ಮಾಡಿಸಿದ್ದು. ಗೀಟಿನ ಅಂಗಿ, ಉದ್ದ ಮುಖ.

"ಯಾವ ಕಂಪೆನಿಗೆ ಹೋದದ್ದು ಅಕ್ಕ?"

"ಗೊತ್ತಿಲ್ಲ. ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದ. ಅಲ್ಲಿಂದ ಏಜೆಂಟ್ ಕಳಿಸಿದ್ದು. ಅಡುಗೆ ಕ್ಯಾಂಪು ಅಂತ ಹೇಳಿದ್ದ. ನಮಗೆ ಕೇಳಬೇಕು ಅಂತಲೂ ಗೊತ್ತಾಗಲಿಲ್ಲ."

ಅಣ್ಣ ಹೋಗಿ ಕೆಲವು ತಿಂಗಳಾದ ಮೇಲೆ ಅವರ ಮನೆ ಹತ್ತಿರದ ಅಂಗಡಿಗೆ ಒಂದು ಫೋನ್ ಬಂದಿತ್ತು. ಅಂಗಡಿಯವರು ಕೂಗಿ ಕರೆದರು. ಇವರು ಬಟ್ಟೆ ಒಗೆಯುತ್ತಿದ್ದವರು ಒದ್ದೆ ಕೈಯಲ್ಲೇ ಓಡಿದರು. ರಿಸೀವರ್ ಕಿವಿಗೆ ಇಟ್ಟಾಗ ಮಾತಿರಲಿಲ್ಲ, ಲೈನ್ ಮಾತ್ರ ತೆರೆದಿತ್ತು. ಹಿಂದಿನಿಂದ ಪಾತ್ರೆಗಳ ಸದ್ದು ಕೇಳಿಸುತ್ತಿತ್ತಂತೆ, ತುಂಬ ಪಾತ್ರೆಗಳ ಸದ್ದು. "ಅಣ್ಣ, ಅಣ್ಣ" ಎಂದು ಕರೆದರು. ಆಮೇಲೆ ಕಟ್ಟಾಯಿತು. ಮತ್ತೆ ಯಾವತ್ತೂ ಫೋನ್ ಬರಲಿಲ್ಲ.

"ಪಾತ್ರೆ ತೊಳೆಯುವ ಕಡೆ ಕೆಲಸ ಅಂತ ಕಾರ್ಕಳದವರು ಬರೆದಿದ್ದರಲ್ಲ," ಎಂದರು. "ಅದನ್ನು ಓದಿದ ದಿನ ನನಗೆ ಹೊಲಿಯಲು ಆಗಲಿಲ್ಲ."

ಎಷ್ಟೋ ಕ್ಯಾಂಪುಗಳು, ಎಷ್ಟೋ ಅಡುಗೆಮನೆಗಳು ಇದ್ದವು ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ನೂಲಿನ ಉಂಡೆಯನ್ನು ಕೈಯಲ್ಲಿ ತಿರುಗಿಸುತ್ತ ಅವರೇ ಮಾತು ಮುಂದುವರಿಸಿದರು.

"ನನಗೆ ಈಗ ಗೊತ್ತಾಗಲೇಬೇಕು. ಆಟಿ ಬಂತಲ್ಲ."

ಆಟಿ ತಿಂಗಳಲ್ಲಿ ನಮ್ಮ ಕಡೆ ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಅವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸಿ, ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ.

"ಅಮ್ಮ ಇರುವಷ್ಟು ದಿನ ಅಣ್ಣನಿಗೆ ಎಲೆ ಹಾಕಲು ಬಿಡಲಿಲ್ಲ. ಜೀವ ಇರುವವನಿಗೆ ಎಲೆ ಹಾಕಿದರೆ ನಾವೇ ಅವನನ್ನು ಕೊಂದ ಹಾಗೆ ಅಂತ. ಹೋದ ಮಾಗಿಯಲ್ಲಿ ಅಮ್ಮನೂ ಹೋದಳು. ಈ ಸಲ ಅವಳಿಗೇ ಎಲೆ ಹಾಕಬೇಕು. ಪಕ್ಕದಲ್ಲಿ ಅಣ್ಣನದ್ದು ಹಾಕಬೇಕಾ, ಬೇಡವಾ? ಅವನು ಎಲ್ಲೋ ಇದ್ದು ನಾನು ಹಾಕಿದರೆ ಅಮ್ಮ ಕ್ಷಮಿಸುವುದಿಲ್ಲ. ಅವನು ಹೋಗಿದ್ದು ನಾನು ಹಾಕದಿದ್ದರೆ, ಅಮ್ಮ ಉಣ್ಣುವಾಗ ಅವನು ಹಸಿದು ಬಾಗಿಲಲ್ಲಿ ನಿಲ್ಲುತ್ತಾನೆ. ನೀವೇ ಹೇಳಿ, ನಾನು ಎಂತ ಮಾಡುವುದು?"

ಹೊರಗೆ ಯಾರೋ ಶಟರ್ ತಟ್ಟಿ, "ರವಿಕೆ ಆಯಿತಾ?" ಎಂದು ಕೇಳಿದರು. "ನಾಳೆ ಬನ್ನಿ," ಎಂದರು ಅಕ್ಕ. ಅವರ ಸ್ವರದಲ್ಲಿ ಏನೂ ಬದಲಾಗಲಿಲ್ಲ.

ಕಾರ್ಕಳದ ಅಡುಗೆಯವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ವಿಷಯ ಹೇಳಿದೆ, ಎಲ್ಲ ಕೇಳಿಸಿಕೊಂಡರು. ಆಮೇಲೆ, "ಫೋಟೋ ಮೊಬೈಲಿಗೆ ಕಳಿಸಬೇಡಿ. ಕರೆದುಕೊಂಡು ಬನ್ನಿ," ಎಂದರು.

ಆ ಆದಿತ್ಯವಾರ ನಾವಿಬ್ಬರೂ ಪಡುಬಿದ್ರಿಯಲ್ಲಿ ಕಾರ್ಕಳದ ಬಸ್ಸು ಹತ್ತಿದೆವು. ಅಕ್ಕ ಕಿಟಕಿಯ ಪಕ್ಕ. ಫೋಟೋವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಮೇಲೆ ರವಿಕೆ ಬಟ್ಟೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಬಸ್ಸು ಬೆಳ್ಮಣ್ ದಾಟಿತು. ಆಮೇಲೆ ಒಮ್ಮೆಲೇ, "ಅವರು ಹೌದು ಅಂದರೆ ನಾನು ಎಂತ ಕೇಳಬೇಕು?" ಎಂದರು. "ಅಲ್ಲ ಅಂದರೆ?" ಎಂದು ಕೇಳಿಕೊಂಡು, ಅವರೇ ಕಿಟಕಿಯ ಕಡೆ ತಿರುಗಿದರು.

ಅಡುಗೆಯವರು ಮಗಳ ಮನೆಯಲ್ಲಿದ್ದರು. ಜಗಲಿಯಲ್ಲಿ ಕುರ್ಚಿ ಹಾಕಿ ಕಾಯುತ್ತಿದ್ದರು. ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು, ಮಾತು ಸ್ವಲ್ಪ ನಿಧಾನ. ಫೋರಂನಲ್ಲಿ ನಾನು ಊಹಿಸಿದ್ದಕ್ಕಿಂತ ತುಂಬ ಸಣ್ಣ ಮನುಷ್ಯ. ಮಗಳು ನೀರು, ಬೆಲ್ಲ ಇಟ್ಟು ಒಳಗೆ ಹೋದಳು.

ಅಕ್ಕ ಬಟ್ಟೆ ಬಿಡಿಸಿ ಫೋಟೋ ಕೊಟ್ಟರು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಮಡಿಲಲ್ಲಿ ಇಟ್ಟು ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. ಅಕ್ಕ ಅವರ ಮುಖ ಬಿಟ್ಟು ಎಲ್ಲಿಯೂ ನೋಡುತ್ತಿರಲಿಲ್ಲ.

"ಅಲ್ಲ ತಂಗಿ," ಎಂದರು.

"ಸರಿ ನೋಡಿ ಅಣ್ಣ. ಅಲ್ಲಿ ಹೋದ ಮೇಲೆ ಬಡವಾಗಿರಬಹುದು. ಮೀಸೆ ತೆಗೆದಿರಬಹುದು."

"ನೋಡಿದೆ. ಹೌದು ಅನ್ನಬೇಕು ಅಂತ ನನಗೂ ತುಂಬ ಆಸೆ ಉಂಟು. ನಿಮ್ಮ ಬಾಯಿಂದ ಒಂದು ಹೆಸರು ಸಿಕ್ಕಿದರೆ ನಾನು ನಿದ್ದೆ ಮಾಡುತ್ತಿದ್ದೆ. ಆದರೆ ಅವನದ್ದು ದುಂಡು ಮುಖ. ಹುಬ್ಬು ಕೂಡಿತ್ತು. ಇದು ಅವನಲ್ಲ."

ಅಕ್ಕ ಅಳಲಿಲ್ಲ. ಫೋಟೋ ವಾಪಸು ತೆಗೆದುಕೊಂಡು, ಸುತ್ತಿದ್ದ ಹಾಗೆಯೇ ಮತ್ತೆ ಸುತ್ತಿದರು. ಇನ್ನು ಹೊರಡುವುದೇ ಎಂದು ನಾನು ಚೀಲ ಎತ್ತಿಕೊಂಡೆ. ಅವರು ಮಾತ್ರ ಏಳಲಿಲ್ಲ.

"ಆದರೆ ನಿಮ್ಮವನ ವಿಷಯ ಹೇಳಿ," ಎಂದರು. "ಎಲ್ಲ ಹೇಳಿ. ಎಂತ ತಿನ್ನುತ್ತಿದ್ದ, ಹೇಗೆ ಮಲಗುತ್ತಿದ್ದ. ನನ್ನ ಅಣ್ಣನೂ ಅಂಥದ್ದೇ ಒಂದು ರೂಮಿನಲ್ಲಿ ಇದ್ದಿರಬೇಕಲ್ಲ."

ಅಡುಗೆಯವರು ಹೇಳಿದರು. ಫೋರಂನಲ್ಲಿ ಬರೆಯದ ಎಷ್ಟೋ ಸಂಗತಿ ಹೇಳಿದರು. ಎಸಿಯ ನೀರು ಅವನ ಮಂಚಕ್ಕೆ ತೊಟ್ಟಿಕ್ಕುತ್ತಿತ್ತು, ಅದಕ್ಕೆ ಹಾಲಿನ ಪುಡಿಯ ಡಬ್ಬಿ ಕಟ್ಟಿದ್ದ. ರಜೆಯ ದಿನ ಎಲ್ಲರ ಅಂಗಿಯ ಗುಂಡಿ ಹಾಕಿಕೊಡುತ್ತಿದ್ದ. ಬಿಸಿ ನೀರಲ್ಲಿ ಕೈ ಇಟ್ಟು ಇಟ್ಟು ಬೆರಳ ತುದಿಯ ಚರ್ಮ ಏಳುತ್ತಿತ್ತು, ಅಡುಗೆಮನೆಯಿಂದ ಇವರು ಕದ್ದು ತೆಂಗಿನೆಣ್ಣೆ ಕೊಡುತ್ತಿದ್ದರು. ಅದನ್ನೇ ಅವನು ತಲೆಗೂ ಹಾಕಿಕೊಳ್ಳುತ್ತಿದ್ದ. ಅಕ್ಕ ಒಂದೊಂದಕ್ಕೂ ತಲೆ ಆಡಿಸುತ್ತಿದ್ದರು, ತಮಗೆ ಗೊತ್ತಿರುವ ವಿಷಯದ ಹಾಗೆ.

"ಬೇರೆಯವರೂ ಹೀಗೆ ಬಾರದೆ ಹೋದದ್ದುಂಟಾ ಅಣ್ಣ?" ನಾನು ಕೇಳಿದೆ.

"ಉಂಟು. ದಿನಾ ಜನ ಬದಲಾಗುವ ಜಾಗ ಅದು. ಒಬ್ಬನ ಜಾಗಕ್ಕೆ ಇನ್ನೊಬ್ಬ. ಇವನೊಬ್ಬ ಯಾಕೆ ಈಗ ಬಂದು ನನ್ನ ತಲೆಯಲ್ಲಿ ಕೂತ ಅಂತ ನನಗೆ ಗೊತ್ತಿಲ್ಲ."

ಅಕ್ಕ ಆಟಿಯ ಎಲೆಯ ವಿಷಯ ಅವರಿಗೂ ಹೇಳಿದರು. ಅವರು ಬಲಗೈಯಿಂದ ಎಡಗೈಯನ್ನು ಎತ್ತಿ ಸರಿಯಾಗಿ ಇಟ್ಟುಕೊಂಡು, ಸ್ವಲ್ಪ ಯೋಚಿಸಿದರು.

"ನಾನು ಶಾಸ್ತ್ರ ತಿಳಿದವನಲ್ಲ ತಂಗಿ, ಅಡುಗೆಯವನು. ನನಗೆ ಗೊತ್ತಿರುವುದು ಬಡಿಸುವುದು ಮಾತ್ರ. ಅಣ್ಣನ ಹೆಸರು ಹೇಳಬೇಡಿ. ಒಂದು ಎಲೆ ಜಾಸ್ತಿ ಹಾಕಿ. ಅವರು ಹೋಗಿದ್ದರೆ ಉಣ್ಣುತ್ತಾರೆ. ಇದ್ದರೆ ಒಳ್ಳೆಯದಾಯಿತು, ಇನ್ಯಾರೋ ಉಣ್ಣುತ್ತಾರೆ. ನನ್ನವನಿಗೆ ಹಾಕುವವರು ಯಾರಾದರೂ ಇದ್ದಾರೋ ಇಲ್ಲವೋ."

ಹೊರಡುವಾಗ ಅವರ ಮಗಳು ಗೇಟಿನ ತನಕ ಬಂದಳು. "ಅಪ್ಪ ಇಷ್ಟು ಮಾತಾಡದೆ ಎಷ್ಟೋ ಸಮಯ ಆಗಿತ್ತು," ಎಂದಳು.

ಮರುದಿನ ನಾನು ಕಟಪಾಡಿಯವರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಏನೂ ಕೇಳಿಕೊಳ್ಳಲಿಲ್ಲ, ಹೇಳಿದೆ ಅಷ್ಟೆ. "ಅಲ್ಲ ಅಂದರಾ?" ಎಂದರು. "ಅಲ್ಲ ಅಂದರು," ಎಂದೆ. ಸಂಜೆಗೆ ಅವರದ್ದೇ ಮೆಸೇಜು: "ಬೀಗ ತೆಗೆಯಿರಿ."

ಬೀಗ ತೆಗೆದ ಮೇಲೆ ಮೊದಲು ಬರೆದವರು ಅವರೇ. ವಾಪಸು ಬಂದ ಆ ದಿಂಬಿನ ವಿಷಯ, ನನ್ನ ಹತ್ತಿರ ಹೇಳಿದ್ದಕ್ಕಿಂತ ಚಿಕ್ಕದಾಗಿ. ಎರಡು ದಿನ ಯಾರೂ ಉತ್ತರಿಸಲಿಲ್ಲ. ಆಮೇಲೆ ಹೆಜಮಾಡಿಯವರು ಬರೆದರು: "ನಾನು ಆ ಮಂಚಕ್ಕೆ ಬಂದಾಗ ಗೋಡೆಯಲ್ಲಿ ತಲೆಯ ಜಾಗದಲ್ಲಿ ಎಣ್ಣೆ ಕಲೆ ಇತ್ತು. ಕಾಗದ ಅಂಟಿಸಿ ಮುಚ್ಚಿದೆ. ಮೇಲೆ ಡಬ್ಬಿಯೂ ಇತ್ತು. ಯಾರು ಕಟ್ಟಿದ್ದು ಅಂತ ಕೇಳಬೇಕು ಅನ್ನಿಸಲಿಲ್ಲ. ಕಾರ್ಕಳದವರು ಕ್ಷಮಿಸಬೇಕು."

ಡಬ್ಬಿಯ ವಿಷಯ ಅಡುಗೆಯವರು ಫೋರಂನಲ್ಲಿ ಬರೆದೇ ಇರಲಿಲ್ಲ. ಜಗಲಿಯಲ್ಲಿ ನಮ್ಮಿಬ್ಬರ ಎದುರಿಗೆ ಹೇಳಿದ್ದು ಮಾತ್ರ. ನಾನು ಆ ಸಾಲನ್ನು ಓದಿ ಮೇಜಿನಿಂದ ಎದ್ದುಬಿಟ್ಟೆ. ಅಮ್ಮ, "ಎಂತ ಆಯಿತು?" ಎಂದು ಕೇಳಿದಳು.

"ಇದ್ದ ಅಮ್ಮ," ಎಂದೆ. "ಅವನು ಇದ್ದದ್ದು ಹೌದು."

ಅಮ್ಮ ಕೈ ಒರೆಸಿಕೊಂಡು ದೇವರ ಕೋಣೆಗೆ ಹೋದಳು.

ಆಟಿ ಕಳೆದ ಮೇಲೆ ಕಾಪುವಿನ ಅಕ್ಕ ಫೋನ್ ಮಾಡಿದರು. ಅಮ್ಮನಿಗೆ ಹಾಕಿದ ಎಲೆಯ ಸಾಲಿನಲ್ಲೇ, ಸ್ವಲ್ಪ ದೂರ ಬಿಟ್ಟು, ಇನ್ನೊಂದು ಎಲೆ ಹಾಕಿದರಂತೆ. ಹೆಸರು ಹೇಳಲಿಲ್ಲ. ಅಣ್ಣನಿಗೆ ಇಷ್ಟ ಎಂದು ಕೋಳಿ ಸಾರು, ಗರಿಗರಿ ಒಣರೊಟ್ಟಿ. ಬಾಗಿಲು ಎಳೆದುಕೊಂಡು ಹೊರಗೆ ನಿಂತಾಗ ಒಳಗಿನಿಂದ ಏನಾದರೂ ಸದ್ದು ಕೇಳುತ್ತದೋ ಎಂದು ಕಿವಿ ಕೊಟ್ಟರಂತೆ.

"ಕೇಳಿತಾ ಅಕ್ಕ?"

"ಇಲ್ಲ. ಹೊರಗೆ ಮಳೆ, ಏನೂ ಕೇಳಲಿಲ್ಲ. ಇನ್ನು ಪ್ರತಿ ವರ್ಷ ಹಾಕುತ್ತೇನೆ. ಆದರೆ ಅವನು ಸತ್ತ ಅಂತ ಹೇಳುವುದಿಲ್ಲ. ಯಾರಾದರೂ ಕೇಳಿದರೆ, ಒಂದು ಎಲೆ ಜಾಸ್ತಿಯಾಯಿತು ಅಂತ ಹೇಳುತ್ತೇನೆ."

ಆ ಚರ್ಚೆ ಈಗಲೂ ನಡೆಯುತ್ತಿದೆ. ಅವನ ಹೆಸರು ಸಿಗಲಿಲ್ಲ. ಬೇರೆಯವರ ಹೆಸರುಗಳು ಬರುತ್ತಿವೆ, ಬೇರೆ ಕ್ಯಾಂಪುಗಳವು, ಬೇರೆ ದೇಶದವು. ಮನೆಯವರು ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬರುತ್ತಾರೆ. ನನ್ನ ಗಂಡ ಆಗಿರಬಹುದಾ, ನಮ್ಮ ಮಾವ ಆಗಿರಬಹುದಾ ಎಂದು ಕೇಳುತ್ತಾರೆ. ಎರಡು ವಿವರ ಹೊಂದಿದರೆ ಸಾಕು, ನಮ್ಮವರೇ ಎಂದು ಹೇಳಿಬಿಡುತ್ತಾರೆ. ಅವರಿಗೆಲ್ಲ ಉತ್ತರ ಬರೆಯುವುದು ನನ್ನಿಂದಾಗದೆ ಹೋಯಿತು. ಟೊಮೆಟೊದವರ ಜಗಳದಿಂದ ಎದ್ದು ಅಲ್ಲಿಗೆ ಹೋದರೆ ಕೈ ಓಡುತ್ತಿರಲಿಲ್ಲ. ನೀವು ನೋಡಿಕೊಳ್ಳುತ್ತೀರಾ ಎಂದು ಕಾಪುವಿನ ಅಕ್ಕನನ್ನೇ ಕೇಳಿದೆ. ಅವರು ಯೋಚಿಸುತ್ತೇನೆ ಎಂದರು, ಮರುದಿನ ಒಪ್ಪಿದರು. ಯಜಮಾನರಿಗೂ ಸಂತೋಷವಾಯಿತು. ಈಗ ಅಕ್ಕನೇ ಆ ಚರ್ಚೆಯನ್ನು ನೋಡಿಕೊಳ್ಳುವ ಮಾಡರೇಟರ್. ಮಧ್ಯಾಹ್ನ ಅರ್ಧ ಶಟರ್ ಎಳೆದು ಮೊಬೈಲ್ ಹಿಡಿದು ಕೂರುತ್ತಾರೆ. ಬಂದವರಿಗೆ ಮೊದಲು ಸ್ವಾಗತ ಹೇಳುತ್ತಾರೆ, ಊಟ ಆಯಿತಾ ಎಂದು ಕೇಳುತ್ತಾರೆ, ಆಮೇಲೆ ಮುಖ ಹೇಗೆ, ಹುಬ್ಬು ಹೇಗೆ, ಕೊನೆಗೆ ಎಂತ ಮಾತಾಡಿದ್ದು ಎಂದು ನಿಧಾನಕ್ಕೆ ವಿಚಾರಿಸುತ್ತಾರೆ.

ಮೊನ್ನೆ ದೂರದ ಊರಿನ ಹೆಂಗಸೊಬ್ಬರು ಬಂದಿದ್ದರು. ತಂದೆಯನ್ನು ಹುಡುಕುವವರು. ನಾನು ಸುಮ್ಮನೆ ಓದುತ್ತಿದ್ದೆ, ನಡುವೆ ಬಾಯಿ ಹಾಕಲಿಲ್ಲ. ಸಂಜೆ ಅಕ್ಕನ ಮೆಸೇಜ್ ಬಂತು:

"ಇವತ್ತು ಒಬ್ಬರಿಗೆ ಅಲ್ಲ ಅಂದೆ. ಫೋನ್ ಮಾಡಿ ತುಂಬ ಅತ್ತರು. ಅವರ ಅಪ್ಪನ ವಿಷಯ ಎಲ್ಲ ಕೇಳಿದೆ. ಅಂಗಡಿ ಬೇಗ ಮುಚ್ಚಿ ಮನೆಗೆ ಹೋಗುತ್ತಿದ್ದೇನೆ."